ಗ್ರೂಪ್ ಕ್ಲಾಸ್ ಸೇರ್ಲಾ, ಪರ್ಸನಲ್ ಟ್ರೇನರ್ ಇಟ್ಕೊಳ್ಳಾ?

ಈ ಸಲ ಬಂದಿರೋ ಪತ್ರ, ಮೆಸೇಜುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಮೇಲೆ ಇವೆ. ಬೆವರು ಕಿತ್ತು ಬರೋ ಹೈ ಇಂಟೆನ್ಸಿಟಿ ಗ್ರೂಪ್ ಕ್ಲಾಸಿಗೆ ಸೇರ್ಬೇಕಾ ಅಥವಾ ದುಡ್ಡು ಜಾಸ್ತಿ ಆದ್ರೂ ಪರ್ವಾಗಿಲ್ಲ ಅಂತ ಪರ್ಸನಲ್ ಟ್ರೇನರ್ ಇಟ್ಕೋಬೇಕಾ ಅಂತ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ ಬಿಟ್ಟಿದೀನಿ. ಯಾರ ಹೆಸರೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಮೇಡಂ ನಮಸ್ತೆ, ನನಗೆ 38 ವರ್ಷ, ಐಟಿ ಕೆಲಸ, ವರ್ಕ್ ಫ್ರಮ್ ಹೋಮ್ ಶುರುವಾದಾಗಿಂದ ಕುರ್ಚಿ ಬಿಟ್ಟು ಏಳೋದೇ ಕಮ್ಮಿ ಆಗಿ 11 ಕೆಜಿ ಏರಿದೀನಿ. ಮನೆ ಹತ್ರ ಒಂದು ಹೈ ಇಂಟೆನ್ಸಿಟಿ ಗ್ರೂಪ್ ಕ್ಲಾಸ್ ಇದೆ, 45 ನಿಮಿಷ, ವರ್ಷಕ್ಕೆ 18 ಸಾವಿರ. ಆಫೀಸಿನ ಇಬ್ಬರು ಫ್ರೆಂಡ್ಸ್ ಹೋಗ್ತಾರೆ, ನೀನೂ ಬಾರೇ ಅಂತ ದಿನಾ ಹೇಳ್ತಾರೆ. ನಮ್ಮನೆಯವರು ಬೇಡ, ಪಕ್ಕದ ಜಿಮ್‌ನಲ್ಲಿ ಪಿಟಿ (ಪರ್ಸನಲ್ ಟ್ರೇನಿಂಗ್) ತಗೋ ಅಂತಾರೆ, ಅದು ತಿಂಗಳಿಗೆ 12 ಸೆಷನ್, 12 ಸಾವಿರ. ಸ್ಕೂಲ್ ಬಿಟ್ಟಮೇಲೆ ನಾನು ಎಕ್ಸರ್‌ಸೈಜ್ ಅಂತ ಮಾಡಿದ್ದೇ ಇಲ್ಲ. ಮೆಟ್ಟಿಲು ಇಳಿಯುವಾಗ ಎಡ ಮಂಡಿ ಸ್ವಲ್ಪ ನೋಯುತ್ತೆ. (ಜೆ.ಪಿ. ನಗರ, ಬೆಂಗಳೂರು)

ಉತ್ತರ: ನಿಮ್ಮ ಪತ್ರದ ಕೊನೇ ಎರಡು ಸಾಲು ಓದಿದ್ಮೇಲೆ ನನಗೆ ಉತ್ತರ ಹೇಳೋದು ಸುಲಭ ಆಯ್ತು. ಮೊದಲು ಟ್ರೇನರ್, ಆಮೇಲೆ ಕ್ಲಾಸು. ಟ್ರೇನರ್ ವರ್ಷಗಟ್ಟಲೆ ಬೇಕಿಲ್ಲ, ಒಂದೆರಡು ತಿಂಗಳು, ಅದೂ ಕಲಿಯೋದಕ್ಕೆ ಅಂತಾನೇ.

ಯಾಕೆ ಅಂತ ಹೇಳ್ತೀನಿ. ಈ ಕ್ಲಾಸುಗಳಲ್ಲಿ ಟಬಾಟಾ, ಟಬಾಟಾ ಅಂತ ಕೂಗ್ತಾರಲ್ಲ, 20 ಸೆಕೆಂಡ್ ಜೋರಾಗಿ ಮಾಡಿ 10 ಸೆಕೆಂಡ್ ನಿಲ್ಲೋದು, ಅದು ಜಪಾನಿನ ಇಜುಮಿ ಟಬಾಟಾ ಅನ್ನೋ ವಿಜ್ಞಾನಿಯ ಹೆಸರು. ಅವರ ತಂಡದ ಅಧ್ಯಯನ ಪ್ರಕಟ ಆಗಿದ್ದು 1996ರಲ್ಲಿ. ಅದರಲ್ಲಿ ಭಾಗವಹಿಸಿದವರು ಮೊದಲೇ ಚೆನ್ನಾಗಿ ಪಳಗಿದ್ದ ಕಾಲೇಜು ಹುಡುಗರು, ಫಿಸಿಕಲ್ ಎಜುಕೇಷನ್ ಓದ್ತಿದ್ದವರು, ಮಾಡಿದ್ದು ನಿಂತಲ್ಲೇ ತುಳಿಯೋ ಸೈಕಲ್ ಮೇಲೆ, 20 ಸೆಕೆಂಡಿನ 7-8 ಸುತ್ತು ಅಷ್ಟೇ, ಅಷ್ಟರೊಳಗೆ ಅವರಿಗೆ ಪೆಡಲ್ ತುಳಿಯೋ ವೇಗ ಉಳಿಸಿಕೊಳ್ಳೋಕೆ ಆಗ್ತಿರಲಿಲ್ಲ. ಒಟ್ಟು ಸುಮಾರು 4 ನಿಮಿಷ. ಸೈಕಲ್ ಮೇಲೆ ಎಷ್ಟೇ ಸುಸ್ತಾದ್ರೂ ಬೀಳಲ್ಲ, ಮಂಡಿ ಮೇಲೆ ಧಡ್ ಅಂತ ಭಾರ ಬೀಳಲ್ಲ, ಸೊಂಟ ವಾಲಲ್ಲ. ಅದೇ 20-10 ಲೆಕ್ಕ ತಗೊಂಡು ಜಂಪ್ ಸ್ಕ್ವಾಟಿಗೆ (ಬಗ್ಗಿ ಕೂತು ಜಿಗಿಯೋದು), ಬರ್ಪಿಗೆ (ಬಗ್ಗಿ ಕೈ ಊರಿ, ಕಾಲು ಹಿಂದಕ್ಕೆ ಚಾಚಿ ಮತ್ತೆ ಏಳೋದು), ಕೆಟಲ್‌ಬೆಲ್‌ಗೆ (ಹಿಡಿ ಇರೋ ಕಬ್ಬಿಣದ ಗುಂಡು) ಹಾಕಿದಾಗ ಸುಸ್ತಾದ ಮೈ ಸರಿಯಾಗಿ ಇಳಿಯೋದನ್ನ ಮರೆತುಬಿಡತ್ತೆ, ಅದರಲ್ಲೂ ಸರಿಯಾಗಿ ಇಳಿಯೋದು ಹೇಗೆ ಅಂತ ಯಾವತ್ತೂ ಕಲಿಯದೇ ಇದ್ದ ಮೈ.

ಬರ್ಪಿ ಅಂದೆನಲ್ಲ, ಅದು ಕೂಡ ಒಬ್ಬರ ಹೆಸರೇ. ರಾಯಲ್ ಬರ್ಪಿ ಅನ್ನೋ ಅಮೆರಿಕದವರು 1930ರ ದಶಕದಲ್ಲಿ ಅದನ್ನ ಫಿಟ್‌ನೆಸ್ ಅಳೆಯೋ ಒಂದು ಪರೀಕ್ಷೆ ಅಂತ ಮಾಡಿದ್ರು, ನಾಲ್ಕೇ ನಾಲ್ಕು ಸಲ ಮಾಡಿಸಿ ನಾಡಿ ನೋಡೋಕೆ. ಇವತ್ತು ಮೊದಲನೇ ದಿನ ಬಂದವರ ಕೈಲಿ 50 ಬರ್ಪಿ ಹೊಡೆಸೋ ಕ್ಲಾಸುಗಳನ್ನ ನೋಡಿದ್ರೆ ನನಗೆ ಸಂಕಟ ಆಗತ್ತೆ.

ಇನ್ನು ನಿಮ್ಮ ಮಂಡಿ. ಮೆಟ್ಟಿಲು ಇಳಿಯುವಾಗ ನೋವು ಅಂದ್ರೆ ಸಾಮಾನ್ಯವಾಗಿ ಮಂಡಿಚಿಪ್ಪಿನ ಸುತ್ತ ಹೊರೆ ಜಾಸ್ತಿ ಬೀಳ್ತಿದೆ, ತೊಡೆ ಮತ್ತು ಸೊಂಟದ ಪಕ್ಕದ ಸ್ನಾಯುಗಳು ಅದನ್ನ ಹಂಚ್ಕೊಳ್ಳೋಷ್ಟು ಗಟ್ಟಿ ಇಲ್ಲ ಅಂತ. ಇದಕ್ಕೆ ರೆಸ್ಟ್ ಮಾಡ್ತಾ ಕೂತ್ರೆ ಗುಣ ಆಗಲ್ಲ, ನಿಧಾನಕ್ಕೆ ಬಲ ತುಂಬಿಸಬೇಕು, ಕುರ್ಚಿ ಮೇಲೆ ಕೂತು ಏಳೋದ್ರಿಂದ ಶುರು ಮಾಡಿ ಸಣ್ಣ ಮೆಟ್ಟಿಲು ಹತ್ತಿ ಇಳಿಯೋದು, ಆಮೇಲೆ ಕೈಲಿ ಭಾರ. ಊದಿಕೊಂಡಿದ್ರೆ, ಲಾಕ್ ಆದ ಹಾಗೆ ಆಗ್ತಿದ್ರೆ, ಕಾಲೂರಿದಾಗ ಮಂಡಿ ಕುಸಿದ ಹಾಗೆ ಅನ್ನಿಸ್ತಿದ್ರೆ ಮಾತ್ರ ಮೊದಲು ಮೂಳೆ ಡಾಕ್ಟರ್ ಅಥವಾ ಫಿಸಿಯೋ ಹತ್ರ ತೋರಿಸಿ.

ಟ್ರೇನರ್ ಹತ್ರ ಏನು ಕಲಿಬೇಕು ಅಂತ ನೀವೇ ಹೇಳಿ, ಅವರು ಕೊಟ್ಟಿದ್ದನ್ನ ಸುಮ್ನೆ ತಗೋಬೇಡಿ. ಕೂತು ಏಳೋದು, ಸೊಂಟದಿಂದ ಬಗ್ಗಿ ನೆಲದ ಮೇಲಿಂದ ಭಾರ ಎತ್ತೋದು, ತಳ್ಳೋದು, ಎಳೆಯೋದು, ಎರಡೂ ಕೈಲಿ ಭಾರ ಹಿಡ್ಕೊಂಡು ನೆಟ್ಟಗೆ ನಡೆಯೋದು, ಕೊನೇಲಿ ಪುಟ್ಟದಾಗಿ ಜಿಗಿದು ಸದ್ದಾಗದ ಹಾಗೆ ಇಳಿಯೋದು. ಇಷ್ಟು ಬಂದ್ರೆ ಯಾವ ಕ್ಲಾಸಿಗೆ ಹೋದ್ರೂ ಅಲ್ಲಿ ಮಾಡಿಸೋದರಲ್ಲಿ ಮುಕ್ಕಾಲು ಪಾಲು ನಿಮಗೆ ಗೊತ್ತಿರೋದೇ ಆಗಿರತ್ತೆ. ಒಳ್ಳೇ ಟ್ರೇನರ್ ಆದ್ರೆ ಮೊದಲನೇ ದಿನ ಟ್ರೆಡ್‌ಮಿಲ್ ಮೇಲೆ ಹತ್ತಿಸಿ ಆಕಡೆ ಹೋಗಲ್ಲ, ಎಲ್ಲಿ ನೋವಿದೆ, ಆಪರೇಷನ್ ಆಗಿದ್ಯಾ, ನಿದ್ದೆ ಎಷ್ಟು, ಮಾತ್ರೆ ಏನು ತಗೋತೀರಾ ಅಂತ ಕೇಳ್ತಾರೆ, ನೀವು ಹೇಗೆ ಕೂತು ಏಳ್ತೀರಾ ಅಂತ ಮುಂದಿಂದ ಪಕ್ಕದಿಂದ ನೋಡ್ತಾರೆ, ಎಷ್ಟು ಕೆಜಿ ಎಷ್ಟು ಸಲ ಅಂತ ಬರೆದಿಡ್ತಾರೆ. ಸೆಟ್ಟಿನ ಮಧ್ಯ ಫೋನ್ ನೋಡ್ತಾ ನಿಂತಿರೋ ಟ್ರೇನರ್‌ಗೆ ಸೆಷನ್ನಿಗೆ ಸಾವಿರ ರೂಪಾಯಿ ಕೊಡೋ ಬದಲು ಒಳ್ಳೇ ಗ್ರೂಪ್ ಕ್ಲಾಸಿಗೆ ಹೋಗೋದೇ ವಾಸಿ. ಇನ್ನೊಂದು ಗೊತ್ತಿರಲಿ, ಎಷ್ಟೋ ಕಡೆ ಪಿಟಿ ಫೀಸಿನಲ್ಲಿ ಜಿಮ್ಮಿಗೂ ಪಾಲಿರತ್ತೆ, ಆದ್ದರಿಂದ 6 ತಿಂಗಳದ್ದು ಒಟ್ಟಿಗೆ ತಗೊಳ್ಳಿ ಮೇಡಂ, ಡಿಸ್ಕೌಂಟ್ ಇದೆ ಅಂತ ಒತ್ತಾಯ ಮಾಡ್ತಾರೆ. ನೀವು ಒಂದು ತಿಂಗಳದ್ದು ಕೊಟ್ಟು ನೋಡಿ, ಹಿಡಿಸಿದ್ರೆ ಇನ್ನೊಂದು ತಿಂಗಳು. ಖರ್ಚು ಭಾರ ಅನ್ನಿಸಿದ್ರೆ ಆ ಇಬ್ಬರು ಫ್ರೆಂಡ್ಸಲ್ಲಿ ಒಬ್ಬರನ್ನ ಸೇರಿಸ್ಕೊಂಡು ಇಬ್ಬರಿಗೂ ಸೇರಿ ಒಬ್ಬ ಟ್ರೇನರ್ ಅಂತ ಮಾತಾಡಿ, ತುಂಬಾ ಕಡೆ ಒಪ್ಕೋತಾರೆ.

ಕ್ಲಾಸನ್ನ ನಾನು ಹೀಗಳೀತಿಲ್ಲ. ಫ್ರೆಂಡ್ಸ್ ಕಾಯ್ತಿದಾರೆ ಅನ್ನೋ ಒಂದೇ ಕಾರಣಕ್ಕೆ ಬೆಳಗ್ಗೆ 6ಕ್ಕೆ ಎದ್ದು ಹೋಗೋರು ಎಷ್ಟೋ ಜನ ಇದಾರೆ, ಟ್ರೇನರ್ ಬಿಟ್ಟಮೇಲೂ 3 ವರ್ಷ ಬಿಡದೆ ಮಾಡೋದು ಬಹಳಷ್ಟು ಸಲ ಈ ಗುಂಪಿನವರೇ, ನಿಮಗೆ ಬಾರೇ ಅನ್ನೋ ಇಬ್ಬರು ಇದಾರೆ ಅನ್ನೋದು ದೊಡ್ಡ ವಿಷಯ, ಅದನ್ನ ಕಳ್ಕೋಬೇಡಿ. ಸೇರೋಕೆ ಮುಂಚೆ ಒಂದು ದಿನ ಸುಮ್ನೆ ಹೋಗಿ ಪಕ್ಕದಲ್ಲಿ ಕೂತು ನೋಡಿ. ಒಬ್ಬ ಕೋಚಿಗೆ ಎಷ್ಟು ಜನ ಇದಾರೆ ಅಂತ ಎಣಿಸಿ, 10-12 ಇದ್ರೆ ಒಳ್ಳೇದು, 30 ಜನ ಇದ್ದು ಮ್ಯೂಸಿಕ್ ಕಿವಿಗೆ ಬಡೀತಿದ್ರೆ ಎಂಥಾ ಕೋಚಿಗೂ ನಿಮ್ಮ ಮಂಡಿ ಒಳಕ್ಕೆ ವಾಲಿದ್ದು ಕಾಣಿಸಲ್ಲ. ಮುಖ್ಯವಾಗಿ ಕೋಚ್ ಎಲ್ಲಿ ನಿಂತಿದಾರೆ ನೋಡಿ: ಮುಂದೆ ನಿಂತು ತಾವೇ ಪೂರ್ತಿ ವರ್ಕೌಟ್ ಮಾಡ್ತಿದಾರಾ, ಅಥವಾ ತೋರಿಸಿಕೊಟ್ಟು ಆಮೇಲೆ ಸಾಲುಗಳ ಮಧ್ಯ ಓಡಾಡ್ತಾ ಒಬ್ಬೊಬ್ಬರನ್ನ ತಿದ್ದುತಾ ಇದಾರಾ. ತಿದ್ದೋರು ಸಿಕ್ಕಿದ್ರೆ ಆ ಕ್ಲಾಸ್ ಬಿಡಬೇಡಿ. ಮತ್ತೆ, ನನಗೆ ಮಂಡಿ ನೋವಿದೆ, ಜಂಪ್ ಬದಲು ಏನು ಮಾಡಲಿ ಅಂತ ಕೇಳಿ. ಹಿಂದಕ್ಕೆ ಕಾಲಿಟ್ಟು ಬನ್ನಿ, ಬಾಕ್ಸ್ ಮೇಲೆ ಕೂತು ಏಳಿ ಅಂತ ತಕ್ಷಣ ಉತ್ತರ ಬಂದ್ರೆ ಅವರಿಗೆ ಕೆಲಸ ಗೊತ್ತು. ಏನೂ ಆಗಲ್ಲ ಪುಶ್ ಮಾಡಿ ಅಂದ್ರೆ ಎದ್ದು ಬನ್ನಿ.

ವಾರಕ್ಕೆ 2 ದಿನ ಕ್ಲಾಸ್, ಮಧ್ಯ ಗ್ಯಾಪ್ ಇರಲಿ, ಉಳಿದ ದಿನ ಟ್ರೇನರ್ ಕಲಿಸಿದ ಭಾರ ಎತ್ತೋದು ಮತ್ತೆ ನಡಿಗೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರೋದು ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ ಅಥವಾ 75ರಿಂದ 150 ನಿಮಿಷ ಜೋರಾದ ವ್ಯಾಯಾಮ, ಅದರ ಜೊತೆ ವಾರಕ್ಕೆ 2 ದಿನವಾದ್ರೂ ಸ್ನಾಯು ಬಲಪಡಿಸೋ ವ್ಯಾಯಾಮ. ಈ ಎರಡನೇದನ್ನ ನಮ್ಮ ಹೆಣ್ಮಕ್ಕಳು ಪೂರ್ತಿ ಬಿಟ್ಟುಬಿಡ್ತಾರೆ, ಡಂಬೆಲ್ ಹಿಡಿದ್ರೆ ಗಂಡಸರ ಥರ ಮೈ ಆಗತ್ತೆ ಅನ್ನೋ ಭಯಕ್ಕೆ. ಆಗಲ್ಲ ಕಣ್ರೀ, ಅಷ್ಟು ಟೆಸ್ಟೋಸ್ಟಿರೋನ್ ನಮ್ಮ ಮೈಲಿ ಇಲ್ಲ. ಮತ್ತೆ ಕ್ಲಾಸಿನ ನಂತರ 24 ಗಂಟೆ ಫ್ಯಾಟ್ ಕರಗ್ತಾನೇ ಇರತ್ತೆ ಅನ್ನೋ ಮಾತನ್ನ ನಂಬಬೇಡಿ, ಆಮೇಲೂ ಸ್ವಲ್ಪ ಕ್ಯಾಲರಿ ಖರ್ಚಾಗೋದು ನಿಜ, ಆದ್ರೆ ಅದು ಒಂದು ಮಸಾಲೆ ದೋಸೆಗೂ ಸಾಲಲ್ಲ. 11 ಕೆಜಿ ಇಳಿಯೋದು ಊಟ, ನಿದ್ದೆ, ದಿನವಿಡೀ ಓಡಾಟ ಎಲ್ಲ ಸೇರಿದಾಗ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಹೊಸದಾಗಿ ಮಾಡಿದಾಗ ಎರಡು ಮೂರು ದಿನ ಮೈಕೈ ನೋವು ಸಹಜ. ಆದ್ರೆ ನೋವು ವಿಪರೀತ ಆಗಿ, ತೊಡೆನೋ ತೋಳೋ ಊದಿಕೊಂಡು, ಮೂತ್ರ ಕೋಲಾ ಬಣ್ಣಕ್ಕೆ ಬಂದ್ರೆ ಅದು ಸ್ನಾಯು ಒಡೆದು ಕಿಡ್ನಿಗೆ ಹೊಡೆತ ಬೀಳ್ತಿರೋ ಸೂಚನೆ, ರಾಬ್ಡೋಮಯೋಲಿಸಿಸ್ ಅಂತಾರೆ, ಅವತ್ತೇ ಆಸ್ಪತ್ರೆಗೆ ಹೋಗ್ಬೇಕು. ಇದು ಅಪರೂಪ, ಆದ್ರೆ ಆಗೋದು ಹೆಚ್ಚಾಗಿ ಮೊದಲ ಕ್ಲಾಸುಗಳಲ್ಲೇ, ಅಭ್ಯಾಸ ಇಲ್ಲದವರು ಬೇರೆಯವರ ಸಮಕ್ಕೆ ಮಾಡೋಕೆ ಹೋದಾಗ.

ಪ್ರಶ್ನೆ: ನಮಸ್ಕಾರ್ರೀ ಮೇಡಂ, ನನಗ 46 ವರ್ಷ, ಹಾರ್ಡ್‌ವೇರ್ ಅಂಗಡಿ ಐತ್ರಿ. ನಮ್ಮ ಅಪ್ಪಾರಿಗೆ 52ಕ್ಕ ಹಾರ್ಟ್ ಅಟ್ಯಾಕ್ ಆಗಿತ್ತು. ನಾನು ಬಿ.ಪಿ. ಗುಳಿಗಿ ತಗೋತೇನಿ, ಗುಟ್ಕಾ ಬಿಟ್ಟು ಎರಡು ವರ್ಷ ಆತು. ಮುಂಜಾನೆ ಗ್ರೂಪ್ ಬ್ಯಾಚಿಗೆ ಹೋಗೂಣು ಅಂತ ಗೆಳ್ಯಾರ ಜೋಡಿ ಫೀ ಕಟ್ಟೇನಿ, ಆದ್ರ ಮನ್ಯಾಗ ಹೆಂಡ್ತಿ ಬ್ಯಾಡ ಅನ್ನಾಕತ್ತಾಳ, ಅಪ್ಪು ಅವರು ಹೋದಾಗಿಂದ ಜಿಮ್ ಅಂದ್ರ ಹೆದರ್ತಾಳ. ಹೋಗೂದಿದ್ರ ಪರ್ಸನಲ್ ಟ್ರೇನರ್ ಇಟ್ಕೊಂಡ ಹೋಗ್ರಿ ಅಂತಾಳ. ಟ್ರೇನರ್ ಇದ್ರ ಹಾರ್ಟಿಗೆ ಏನೂ ಆಗಂಗಿಲ್ಲೇನ್ರೀ? (ಹುಬ್ಬಳ್ಳಿ)

ಉತ್ತರ: ನಿಮ್ಮ ಮನೆಯವರ ಭಯ ನನಗೆ ಅರ್ಥ ಆಗತ್ತೆ ಅಣ್ಣಾ. 2021ರ ಅಕ್ಟೋಬರ್ 29ನ್ನ ನಾವ್ಯಾರೂ ಮರೆತಿಲ್ಲ, ಅಪ್ಪು ಅವರಿಗೂ ಆಗ ನಿಮ್ಮಷ್ಟೇ ವಯಸ್ಸು, 46. ಅದಾದ ಮೇಲೆ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳಲ್ಲಿ ಹಾರ್ಟ್ ಚೆಕ್ ಮಾಡಿಸೋಕೆ ಜನ ಸಾಲುಗಟ್ಟಿ ನಿಂತಿದ್ರು. ಚೆಕ್ ಮಾಡಿಸಿದ್ದು ಒಳ್ಳೇದಾಯ್ತು. ಆದ್ರೆ ಅದೇ ಹೊತ್ತಿಗೆ ಎಷ್ಟೋ ಜನ ವ್ಯಾಯಾಮಾನೇ ಬಿಟ್ಟುಬಿಟ್ರು, ಅದು ಆಗಬಾರದಿತ್ತು.

ಯಾವ ಟ್ರೇನರೂ ನಿಮ್ಮ ರಕ್ತನಾಳದೊಳಗೆ ಏನಿದೆ ಅಂತ ನೋಡೋಕೆ ಆಗಲ್ಲ, ಹಾಗಾಗಿ ಟ್ರೇನರ್ ಇದ್ರೆ ಏನೂ ಆಗಲ್ಲ ಅನ್ನೋ ಧೈರ್ಯ ಬೇಡ. ತಂದೆಗೋ ಅಣ್ಣತಮ್ಮಂದಿರಿಗೋ 55ರ ಒಳಗೆ ಹೃದಯದ ತೊಂದರೆ ಬಂದಿದ್ರೆ ಡಾಕ್ಟರುಗಳು ಅದನ್ನ ಕುಟುಂಬದ ರಿಸ್ಕ್ ಅಂತಾನೇ ಲೆಕ್ಕ ಹಾಕ್ತಾರೆ. ಅದರ ಜೊತೆ ಬಿ.ಪಿ., ಹಳೇ ಗುಟ್ಕಾ, ಅಂಗಡೀಲಿ ದಿನವಿಡೀ ಕೂತಿರೋದು. ಬ್ಯಾಚಿಗೆ ಹೋಗೋಕೆ ಮುಂಚೆ ಫಿಸಿಷಿಯನ್ ಅಥವಾ ಹೃದ್ರೋಗ ತಜ್ಞರನ್ನ ನೋಡಿ, ಇಂಥಾ ಜೋರಾದ ವ್ಯಾಯಾಮ ಶುರು ಮಾಡ್ಬೇಕು ಅಂತಿದೀನಿ ಅಂತ ಬಾಯಿಬಿಟ್ಟು ಹೇಳಿ. ಬಿ.ಪಿ., ಶುಗರ್, ಕೊಲೆಸ್ಟ್ರಾಲ್, ಇಸಿಜಿ, ಬೇಕು ಅನ್ನಿಸಿದ್ರೆ ಎಕೋ (ಹೃದಯದ ಸ್ಕ್ಯಾನ್), ಟ್ರೆಡ್‌ಮಿಲ್ ಟೆಸ್ಟ್ ಮಾಡಿಸ್ತಾರೆ. ಸುಮ್ನೆ ಮಲಗಿಸಿ ತೆಗೆದ ಇಸಿಜಿ ನಾರ್ಮಲ್ ಬಂತು ಅಂತ ಹಾಗೇ ಓಡೋಕೆ ಹೋಗಬೇಡಿ, ಅದು ವಿಶ್ರಾಂತಿಲಿದ್ದಾಗಿನ ಕಥೆ ಅಷ್ಟೇ ಹೇಳತ್ತೆ. ಟ್ರೆಡ್‌ಮಿಲ್ ಟೆಸ್ಟ್ ಚೆನ್ನಾಗಿ ಬಂದ್ರೂ ಮೈ ಹೇಳೋ ಮಾತು ಕೇಳ್ಬೇಕು: ಎದೆ ಹಿಂಡಿದ ಹಾಗೆ, ದವಡೆಗೋ ಎಡಗೈಗೋ ನೋವು ಹರಡಿದ ಹಾಗೆ, ತಣ್ಣಗೆ ಬೆವರು, ಕಣ್ಣು ಕತ್ತಲೆ, ಯಾವುದೇ ಬಂದ್ರೂ ಅಲ್ಲಿಗೇ ನಿಲ್ಲಿಸಿ, ಗ್ಯಾಸ್ ಇರ್ಬೇಕು ಅಂತ ಸೋಡಾ ಕುಡೀತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಡಾಕ್ಟರ್ ಸರಿ ಅಂದ್ಮೇಲೆ ಮೊದಲ 6-8 ವಾರ ಬಿರುಸಿನ ನಡಿಗೆ, ಹಗುರ ಭಾರ. ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗಬಾರದು, ಅಷ್ಟು ಜೋರು ಸಾಕು. ಅಭ್ಯಾಸ ಇಲ್ಲದವರು ಏಕಾಏಕಿ ಮೈಮೇಲೆ ಜೋರು ಹಾಕಿದಾಗ ಆ ಹೊತ್ತಿನಲ್ಲಿ ಹೃದಯಾಘಾತದ ಅಪಾಯ ಏರತ್ತೆ, ದಿನಾ ಮಾಡೋರಲ್ಲಿ ಆ ಏರಿಕೆ ತುಂಬಾ ಕಮ್ಮಿ, ಒಟ್ಟಾರೆ ಅಪಾಯಾನೂ ಕಮ್ಮಿ. ಆದ್ದರಿಂದ ನಿಮ್ಮ ಮನೆಯವರು ಹೇಳೋದರಲ್ಲಿ ಅರ್ಧ ಸರಿ ಇದೆ, ಈ ಮೊದಲ ಎರಡು ತಿಂಗಳಿಗೆ ಟ್ರೇನರ್ ಇದ್ರೆ ನಿಮ್ಮನ್ನ ಗೆಳೆಯರ ಜೋಶಿನಿಂದ ತಡೆದು ಹಿಡೀತಾರೆ. ಫೀ ಕಟ್ಟಿರೋ ಬ್ಯಾಚನ್ನ ಅಲ್ಲಿವರೆಗೆ ಮುಂದಕ್ಕೆ ಹಾಕಿಸಿ. ನಿಮ್ಮ ಬಿ.ಪಿ. ಮಾತ್ರೆ ಅಟೆನೋಲಾಲ್, ಮೆಟೊಪ್ರೊಲಾಲ್ ಜಾತಿದು ಆಗಿದ್ರೆ ಅದು ಹೃದಯದ ಬಡಿತಾನೇ ಕಮ್ಮಿ ಮಾಡತ್ತೆ, ಸ್ಮಾರ್ಟ್ ವಾಚಲ್ಲಿ ಇನ್ನೂ 120 ಇದೆ, ಇನ್ನಷ್ಟು ಓಡು ಅಂತ ಯಾರಾದ್ರೂ ಹೇಳಿದ್ರೆ ಕೇಳಬೇಡಿ. ಜಿಮ್ ಆಯ್ಕೆ ಮಾಡುವಾಗ ಎಷ್ಟು ಮಷಿನ್ ಇದೆ ಅಂತ ಕೇಳೋ ಜೊತೆಗೆ ಇಲ್ಲಿ ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಮಾಡೋ ಪ್ರಥಮ ಚಿಕಿತ್ಸೆ) ಮಾಡೋಕೆ ಯಾರಿಗೆ ಬರತ್ತೆ, ಹೃದಯಕ್ಕೆ ಶಾಕ್ ಕೊಟ್ಟು ಬಡಿತ ಸರಿ ಮಾಡೋ ಎಇಡಿ ಮಷಿನ್ ಇದ್ಯಾ ಅಂತ ಕೇಳಿ. ನಿಮ್ಮ ಮನೆಯವರಿಗೂ ನಿಮಗೂ ಇಬ್ಬರಿಗೂ ಸಿಪಿಆರ್ ಕಲಿಯೋಕೆ ಹೇಳ್ತೀನಿ, ಎದೆಯ ಮಧ್ಯ ನಿಮಿಷಕ್ಕೆ 100ರಿಂದ 120 ಸಲ ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತೋದು, ಅರ್ಧ ದಿನದಲ್ಲಿ ಕಲೀಬಹುದು.

ಪ್ರಶ್ನೆ: ನನಗೆ 21 ವರ್ಷ, ಇಂಜಿನಿಯರಿಂಗ್ ಸ್ಟೂಡೆಂಟ್, 58 ಕೆಜಿ. ಗ್ರೂಪ್ ಕ್ಲಾಸಲ್ಲಿ ಬರೀ ಕಾರ್ಡಿಯೋ, ಬಾಡಿ ಬರಲ್ಲ ಅಂತ ಬಿಟ್ಟು ಪರ್ಸನಲ್ ಟ್ರೇನರ್ ತಗೊಂಡೆ. ಅವರು ತಿಂಗಳಿಗೆ 5 ಸಾವಿರದ ಪೌಡರ್ ಅವರ ಹತ್ರಾನೇ ತಗೋಬೇಕು ಅಂತಾರೆ, ಈಗ ಒಂದು ಇಂಜೆಕ್ಷನ್ ಸೈಕಲ್ ಹಾಕಿದ್ರೆ ಬೇಗ ಸೈಜ್ ಬರತ್ತೆ, ಎಲ್ಲರೂ ಹಾಕ್ತಾರೆ ಅಂತಿದಾರೆ. ಏನು ಮಾಡ್ಲಿ? (ಮಂಗಳೂರು)

ಉತ್ತರ: ಇಂಜೆಕ್ಷನ್ ಬೇಡ. ಟ್ರೇನರನ್ನೂ ಬದಲಾಯಿಸಿ, ಈ ವಾರಾನೇ.

ಅವರು ಹೇಳ್ತಿರೋದು ಅನಾಬಾಲಿಕ್ ಸ್ಟಿರಾಯ್ಡ್, ಡಾಕ್ಟರ್ ಚೀಟಿ ಇಲ್ಲದೆ ಕೊಡಬಾರದ ಔಷಧಿ. ಹೊರಗಿಂದ ಹಾರ್ಮೋನ್ ಬಂದಾಗ ನಿಮ್ಮ ಮೈ ತನ್ನದನ್ನ ತಯಾರು ಮಾಡೋದು ನಿಲ್ಲಿಸತ್ತೆ, ವೃಷಣ ಕುಗ್ಗತ್ತೆ, ವೀರ್ಯಾಣು ಕಮ್ಮಿ ಆಗತ್ತೆ, ಕೆಟ್ಟ ಕೊಲೆಸ್ಟ್ರಾಲ್ ಏರತ್ತೆ, ಹೃದಯದ ಗೋಡೆ ದಪ್ಪ ಆಗಬಹುದು, ಮನಸ್ಸಿನ ಮೇಲೂ ಪರಿಣಾಮ ಆಗತ್ತೆ. 21ನೇ ವಯಸ್ಸಿಗೆ ನಿಮ್ಮ ಮೈಲಿ ಬೇಕಾದಷ್ಟು ಹಾರ್ಮೋನ್ ತಾನಾಗೇ ಇದೆ ತಮ್ಮಾ, ಸ್ನಾಯು ಬೆಳೆಸೋಕೆ ಇದಕ್ಕಿಂತ ಒಳ್ಳೇ ಕಾಲ ಇನ್ನೊಂದು ಬರಲ್ಲ. ಈಗಾಗ್ಲೇ ಒಂದೆರಡು ಹಾಕಿಸ್ಕೊಂಡಿದ್ರೆ ಮುಚ್ಚಿಡಬೇಡಿ, ಡಾಕ್ಟರ್ ಹತ್ರ ಹೋಗಿ ಹೇಳಿ.

ಪೌಡರ್ ವಿಷಯ: ವೇ ಪ್ರೋಟೀನ್ ಅಂದ್ರೆ ಹಾಲಿಂದ ತೆಗೆದಿದ್ದು, ಅದು ವಿಷ ಏನಲ್ಲ, ಆದ್ರೆ ಕಡ್ಡಾಯಾನೂ ಅಲ್ಲ. ಸಾಮಾನ್ಯ ಜನಕ್ಕೆ ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 0.83 ಗ್ರಾಂ ಪ್ರೋಟೀನ್ ಅಂತ ಐಸಿಎಂಆರ್ ಹೇಳತ್ತೆ, ಭಾರ ಎತ್ತೋರಿಗೆ ಅದರ ಎರಡರಷ್ಟು ಅಂತ ಇಟ್ಕೊಳ್ಳಿ, ನಿಮಗೆ ದಿನಕ್ಕೆ ಸುಮಾರು 95 ಗ್ರಾಂ. ಮಂಗಳೂರಲ್ಲಿದ್ದು ಇದಕ್ಕೆ ಪರದಾಡೋದೇ ಬೇಡ, 100 ಗ್ರಾಂ ಬಂಗುಡೆ ಅಥವಾ ಬೂತಾಯಿಲಿ 20 ಗ್ರಾಂ ಹತ್ರ ಇರತ್ತೆ, ಒಂದು ಮೊಟ್ಟೇಲಿ 6, ಮೀನು ತಿನ್ನಲ್ಲ ಅಂದ್ರೆ ಸೋಯಾ ಚಂಕ್ಸ್, ಕಡ್ಲೆ, ಹೆಸರುಕಾಳು, ಮೊಸರು, ಪನೀರ್. ಇಷ್ಟಾದ್ಮೇಲೂ ಪೌಡರ್ ಬೇಕು ಅನ್ನಿಸಿದ್ರೆ ಬಿಲ್ ಕೊಡೋ ಅಂಗಡೀಲಿ, ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ನಂಬರ್ ನೋಡಿ ತಗೊಳ್ಳಿ, ಟ್ರೇನರ್ ಬ್ಯಾಗಿಂದ ಬೇಡ.

ನಮ್ಮಲ್ಲಿ ಡಾಕ್ಟರಿಗೆ ಇದ್ದ ಹಾಗೆ ಟ್ರೇನರಿಗೆ ಲೈಸೆನ್ಸ್ ಕಡ್ಡಾಯ ಇಲ್ಲ, ಬಾಡಿ ಚೆನ್ನಾಗಿದ್ರೆ ಟ್ರೇನರ್ ಆಗಿಬಿಡ್ತಾರೆ. ಎಸಿಇ, ಎಸಿಎಸ್‌ಎಂ, ಎನ್‌ಎಎಸ್‌ಎಂ, ಕೆ11 ಇಂಥಾ ಸರ್ಟಿಫಿಕೇಟ್ ಇದ್ಯಾ, ಇನ್ನೂ ಚಾಲ್ತಿಲಿದ್ಯಾ ಅಂತ ಕೇಳೋದರಲ್ಲಿ ಸಂಕೋಚ ಏನಿಲ್ಲ. ಬಾಡಿ ಬರೋಕೆ ಗ್ರೂಪ್ ಕ್ಲಾಸ್ ಸಾಲಲ್ಲ ಅಂತ ನೀವು ಅಂದ್ಕೊಂಡಿದ್ದು ಒಂದು ಮಟ್ಟಿಗೆ ಸರಿ, ಭಾರ ವಾರವಾರ ಏರಬೇಕು, ಅದಕ್ಕೆ ಕ್ಲಾಸಲ್ಲಿ ಅವಕಾಶ ಕಮ್ಮಿ.

ಪ್ರಶ್ನೆ: ಹೆರಿಗೆಯಾಗಿ 5 ತಿಂಗಳಾಯ್ತು, ನಾರ್ಮಲ್ ಡೆಲಿವರಿ. ಬಾಣಂತನ ಮುಗಿಸಿ ಗಂಡನ ಮನೆಗೆ ಬಂದು ಗ್ರೂಪ್ ವರ್ಕೌಟ್ ಸೇರಿದೆ. ಜಂಪಿಂಗ್ ಜಾಕ್ ಮಾಡುವಾಗ ಮೂತ್ರ ಹನಿಯುತ್ತೆ, ನಾಚಿಕೆ ಆಗಿ ಹೋಗೋದು ಬಿಟ್ಟಿದೀನಿ. ಲೇಡಿ ಟ್ರೇನರ್ ಇಟ್ಕೊಂಡ್ರೆ ಸರಿ ಹೋಗತ್ತಾ? ಅಮ್ಮ ಇದೆಲ್ಲಾ ಮಾಮೂಲಿ ಅಂತಾರೆ. (ದಾವಣಗೆರೆ)

ಉತ್ತರ: ಬರೆದಿದ್ದು ಒಳ್ಳೇದಾಯ್ತಮ್ಮ, ಎಷ್ಟೋ ಜನ ಇದನ್ನ ಗಂಡನಿಗೂ ಹೇಳಲ್ಲ. ಅಮ್ಮ ಹೇಳಿದ ಹಾಗೆ ಇದು ತುಂಬಾ ಜನಕ್ಕೆ ಆಗತ್ತೆ, ಆದ್ರೆ ತುಂಬಾ ಜನಕ್ಕೆ ಆಗತ್ತೆ ಅಂತ ಜೀವನಪೂರ್ತಿ ಸಹಿಸ್ಕೊಂಡಿರಬೇಕಾಗಿಲ್ಲ. ಮೂತ್ರಕೋಶ, ಗರ್ಭಕೋಶನ ಕೆಳಗಿಂದ ಎತ್ತಿ ಹಿಡಿಯೋ ಸ್ನಾಯುಗಳು ಹೆರಿಗೇಲಿ ಹಿಗ್ಗಿ ಸಡಿಲ ಆಗಿರತ್ತೆ, ಪ್ರತೀ ಜಂಪಲ್ಲೂ ಮೇಲಿನ ಭಾರ ಪೂರ್ತಿ ಅದರ ಮೇಲೇ ಬೀಳತ್ತೆ. ಓಟ, ಜಿಗಿತ 3 ತಿಂಗಳಿಗೆ ಮುಂಚೆ ಬೇಡ ಅಂತ ಈ ವಿಷಯದ ಫಿಸಿಯೋಥೆರಪಿಸ್ಟುಗಳು ಹೇಳ್ತಾರೆ, ಆಮೇಲೂ ಹನಿಯೋದು, ಕೆಳಗೆ ಭಾರ ಜಗ್ಗಿದ ಹಾಗೆ ಅನ್ನಿಸೋದು ಇದ್ರೆ ಇನ್ನೂ ತಯಾರಿಲ್ಲ ಅಂತಾನೇ ಅರ್ಥ.

ಮೊದಲು ನಿಮ್ಮ ಗೈನಕಾಲಜಿಸ್ಟ್ ಹತ್ರ ತೋರಿಸಿ ಪೆಲ್ವಿಕ್ ಫ್ಲೋರ್ (ಇದೇ ಕೆಳಗಿನ ಸ್ನಾಯುಗಳ) ಫಿಸಿಯೋ ಯಾರಿದಾರೆ ಅಂತ ಕೇಳಿ. ಮನೇಲಿ ಇವತ್ತಿಂದಾನೇ ಕೀಗಲ್ ಶುರು ಮಾಡಬಹುದು, ಗ್ಯಾಸ್ ಮತ್ತೆ ಮೂತ್ರ ಎರಡನ್ನೂ ತಡೆಯೋ ಹಾಗೆ ಒಳಗಡೆ ಬಿಗಿಹಿಡಿದು ಕೆಲವು ಸೆಕೆಂಡ್ ಇಟ್ಟು ಪೂರ್ತಿ ಸಡಿಲ ಬಿಡೋದು, 8-10 ಸಲ, ದಿನಕ್ಕೆ 3 ಹೊತ್ತು. ಮಗುಗೆ ಹಾಲು ಕುಡಿಸುವಾಗ ಕೂತಲ್ಲೇ ಆಗತ್ತೆ. 3 ತಿಂಗಳು ಬಿಡದೆ ಮಾಡಿದ್ರೆ ಹೆಚ್ಚಿನವರಿಗೆ ವ್ಯತ್ಯಾಸ ಕಾಣತ್ತೆ. ಲೇಡಿ ಟ್ರೇನರ್ ಸಿಕ್ಕಿದ್ರೆ ಸಂತೋಷ, ಆದ್ರೆ ಬಾಣಂತಿಯರ ವ್ಯಾಯಾಮ ಕಲಿತಿರಬೇಕು, ಹೆಣ್ಣು ಅನ್ನೋದೊಂದೇ ಸಾಲಲ್ಲ. ಭಾರ ಎತ್ತುವಾಗ ಉಸಿರು ಕಟ್ಟಿ ಮುಕ್ಕಿರಿಯೋದನ್ನ ಬಿಡಿಸಬೇಕು ಅವರು. ಗ್ರೂಪಿಗೆ ವಾಪಸ್ ಹೋಗಿ, ಅಲ್ಲಿನವರ ಜೊತೆ ನಗ್ತಾ ಇರೋದು ಈಗ ನಿಮಗೆ ತುಂಬಾ ಬೇಕು, ಸದ್ಯಕ್ಕೆ ಜಂಪ್ ಬದಲು ಪಕ್ಕಕ್ಕೆ ಹೆಜ್ಜೆ ಹಾಕ್ತೀನಿ ಅಂತ ಕೋಚಿಗೆ ಹೇಳಿ, ಕಾರಣ ಹೇಳ್ಬೇಕಾಗಿಲ್ಲ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, 63 ವರ್ಷ. ಹುಡುಗನಾಗಿದ್ದಾಗ ಗರಡಿಗೆ ಹೋಗ್ತಿದ್ದೆ. ಈಗ 9 ವರ್ಷದಿಂದ ಸಕ್ಕರೆ ಕಾಯಿಲೆ, ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ತಗೋತೀನಿ. ದಿನಾ ಕುಕ್ಕರಹಳ್ಳಿ ಕೆರೆ ಸುತ್ತ ವಾಕ್ ಮಾಡ್ತೀನಿ. ಅಮೆರಿಕದಲ್ಲಿರೋ ಮಗ ಅಲ್ಲಿ ಇಂಥಾ ಹೈ ಇಂಟೆನ್ಸಿಟಿ ಕ್ಲಾಸಿಗೆ ಹೋಗ್ತಾನೆ, ಅಪ್ಪಾ ಬರೀ ವಾಕಿಂಗ್ ಸಾಲಲ್ಲ, ನಾನು ದುಡ್ಡು ಕಳಿಸ್ತೀನಿ ಆನ್‌ಲೈನ್ ಟ್ರೇನರ್ ಇಟ್ಕೋ ಅಂತ ಹಟ ಮಾಡ್ತಿದಾನೆ. (ಮೈಸೂರು)

ಉತ್ತರ: ಮೇಷ್ಟ್ರೇ, ನಿಮ್ಮ ಮಗ ಹೇಳೋದು ನಿಜ, ಬರೀ ಒಂದೇ ಗತಿಯ ವಾಕಿಂಗ್ ಸಾಲಲ್ಲ. ಜಪಾನಿನ ಶಿನ್‌ಶು ವಿಶ್ವವಿದ್ಯಾಲಯದವರು ಹೆಚ್ಚುಕಮ್ಮಿ ನಿಮ್ಮ ವಯಸ್ಸಿನವರ ಮೇಲೇ ಒಂದು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ್ರು, 3 ನಿಮಿಷ ಬಿರುಸಾಗಿ ನಡೆದು 3 ನಿಮಿಷ ನಿಧಾನಕ್ಕೆ ನಡೆಯೋದು, ಹೀಗೆ 5 ಸುತ್ತು, ವಾರಕ್ಕೆ 4 ದಿನ. 5 ತಿಂಗಳಾದ್ಮೇಲೆ ಒಂದೇ ಗತೀಲಿ ನಡೆದವರಿಗಿಂತ ಇವರ ತೊಡೆಯ ಬಲ, ದಮ್ಮು ಎರಡೂ ಜಾಸ್ತಿ ಆಗಿತ್ತು, ಬಿ.ಪಿ. ಕೂಡ ಇಳಿದಿತ್ತು. ಕುಕ್ಕರಹಳ್ಳೀಲೇ ನಾಳೆಯಿಂದ ಮಾಡಬಹುದು, ಫೀಸಿಲ್ಲ. ಬಿರುಸು ಅಂದ್ರೆ ಜೊತೆಯವರ ಹತ್ರ ಒಂದೆರಡು ಮಾತು ಬಿಟ್ರೆ ಉದ್ದಕ್ಕೆ ಮಾತಾಡೋಕೆ ಆಗಬಾರದು, ಅಷ್ಟು. ಇದೂ ಇಂಟರ್ವಲ್ ಟ್ರೇನಿಂಗೇ, ಜಿಗಿತ ಇಲ್ಲದೇ ಇರೋದು.

ಮಗ ಕಳಿಸೋ ದುಡ್ಡನ್ನ ಬೇಡ ಅನ್ನಬೇಡಿ, ಆದ್ರೆ ಮೊದಲ 2-3 ತಿಂಗಳಿಗೆ ಆನ್‌ಲೈನ್ ಬದಲು ಎದುರಿಗೆ ಬರೋ ಟ್ರೇನರ್ ಅಥವಾ ಫಿಸಿಯೋ ಇಟ್ಕೊಳ್ಳಿ, ವಾರಕ್ಕೆ 2 ದಿನ ಸಾಕು. ಫೋನಿನ ಪರದೇಲಿ ನಿಮ್ಮ ಪಾದ ಹೇಗೆ ಊರಿದೀರಾ ಅನ್ನೋದು ಸರಿಯಾಗಿ ಕಾಣಲ್ಲ, ತಲೆ ಸುತ್ತಿ ಬಿದ್ರೆ ಹಿಡಿಯೋರು ಇರಲ್ಲ. ಹಗುರ ಭಾರ ಎತ್ತೋದು, ಕುರ್ಚಿಯಿಂದ ಕೈ ಊರದೆ ಏಳೋದು, ಒಂಟಿ ಕಾಲಲ್ಲಿ ನಿಲ್ಲೋ ಅಭ್ಯಾಸ, ಇವನ್ನ ಕಲಿತ್ಮೇಲೆ ಆನ್‌ಲೈನಿಗೆ ಹೋಗಬಹುದು. ನೀವು ಗರಡಿ ನೋಡಿದವರು, ಅಲ್ಲಿ 20 ಹುಡುಗರು ಒಟ್ಟಿಗೇ ದಂಡ, ಬಸ್ಕಿ ಹೊಡೀತಿದ್ರೂ ಉಸ್ತಾದರ ಕಣ್ಣು ಒಬ್ಬೊಬ್ಬನ ಮೇಲೂ ಇರ್ತಿತ್ತು, ಹೊಸಬನಿಗೆ ಎಷ್ಟು, ಹಳಬನಿಗೆ ಎಷ್ಟು ಅಂತ ಬೇರೆ ಬೇರೆ ಹೇಳ್ತಿದ್ರು. ಅಂಥಾ ಉಸ್ತಾದ್ ನಡೆಸೋ ಗ್ರೂಪ್ ಕ್ಲಾಸ್ ನಿಮ್ಮ ಏರಿಯಾದಲ್ಲಿ, ನಿಮ್ಮ ವಯಸ್ಸಿನವರದ್ದು, ಸಿಕ್ಕಿದ್ರೆ ಖಂಡಿತಾ ಸೇರ್ಕೊಳ್ಳಿ.

ಗ್ಲಿಮೆಪಿರೈಡ್ ಬಗ್ಗೆ ಜೋಪಾನ. ಈ ಮಾತ್ರೆ ಜೊತೆ ವ್ಯಾಯಾಮ ಜೋರಾದ್ರೆ ಶುಗರ್ ಪಟ್ಟಂತ ಇಳಿಯಬಹುದು, ಕೈ ನಡುಕ, ಬೆವರು, ಮಂಕು ಕವಿಯೋದು. ಹೊಸದಾಗಿ ಶುರು ಮಾಡೋ ವಾರಗಳಲ್ಲಿ ಹೊರಡೋ ಮುಂಚೆ ಗ್ಲುಕೋಮೀಟರಲ್ಲಿ ನೋಡ್ಕೊಳ್ಳಿ, 90ಕ್ಕಿಂತ ಕೆಳಗಿದ್ರೆ ಒಂದು ಬಾಳೆಹಣ್ಣು ತಿಂದು ಹೋಗಿ, ಜೇಬಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ಪೊಟ್ಟಣ ಇರಲಿ. ಪದೇಪದೇ ಇಳೀತಿದ್ರೆ ಡೋಸ್ ಬದಲಾಯಿಸೋದು ಡಾಕ್ಟರ್ ಕೆಲಸ, ಟ್ರೇನರ್ ಹೇಳಿದ್ರು ಅಂತ ಮಾತ್ರೆ ಬಿಡಬೇಡಿ. 9 ವರ್ಷದ ಶುಗರ್ ಅಂದ್ರೆ ಭಾರ ಎತ್ತೋಕೆ ಮುಂಚೆ ಕಣ್ಣಿನ ಪರದೆ ಪರೀಕ್ಷೆ ಆಗಿರಬೇಕು, ರೆಟಿನಾದಲ್ಲಿ ರಕ್ತನಾಳ ಕೆಟ್ಟಿದ್ರೆ ಮುಕ್ಕಿರಿದು ಎತ್ತೋದು ಅಪಾಯ. ಬಂದ್ಮೇಲೆ ಅಂಗಾಲು ನೋಡ್ಕೊಳ್ಳಿ, ಬೊಬ್ಬೆ, ಗಾಯ ಇದ್ಯಾ ಅಂತ.

ಪ್ರಶ್ನೆ: ಒಂದು ವರ್ಷದ ಗ್ರೂಪ್ ಕ್ಲಾಸ್ ಜೊತೆ 24 ಪಿಟಿ ಸೆಷನ್ ಅಂತ ಒಟ್ಟಿಗೆ ದುಡ್ಡು ಕಟ್ಟಿದ್ದೆ. 5 ಸೆಷನ್ ಆದ್ಮೇಲೆ ಆ ಟ್ರೇನರ್ ಕೆಲಸ ಬಿಟ್ಟು ಹೋದ್ರು, ಬೇರೆಯವರನ್ನ ಕೊಟ್ಟಿಲ್ಲ, ದುಡ್ಡು ಕೇಳಿದ್ರೆ ನಾನ್ ರಿಫಂಡಬಲ್ ಅಂತ ರಸೀದಿ ತೋರಿಸ್ತಾರೆ. (ತುಮಕೂರು)

ಉತ್ತರ: ನಾನ್ ರಿಫಂಡಬಲ್ ಅಂತ ಪ್ರಿಂಟ್ ಹಾಕಿಬಿಟ್ರೆ ಕೊಡದೇ ಇರೋ ಸೇವೆಗೂ ದುಡ್ಡು ಇಟ್ಕೋಬಹುದು ಅಂತ ಅಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೇಲಿ ಸೇವೇಲಿನ ಕೊರತೆಗೆ ದೂರು ಕೊಡೋಕೆ ಅವಕಾಶ ಇದೆ. ಉಳಿದ 19 ಸೆಷನ್ನಿಗೆ ಬೇರೆ ಟ್ರೇನರ್ ಕೊಡಿ ಇಲ್ಲಾ ಅಷ್ಟು ದುಡ್ಡು ವಾಪಸ್ ಕೊಡಿ ಅಂತ ಒಂದು ತಾರೀಕು ಹಾಕಿ ಈಮೇಲ್ ಅಥವಾ ರಿಜಿಸ್ಟರ್ಡ್ ಪೋಸ್ಟ್ ಕಳಿಸಿ, ಬಾಯಿ ಮಾತಿನ ಜಗಳ ಬೇಡ. ಉತ್ತರ ಬರದಿದ್ರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಅಲ್ಲಿಂದ ಕಂಪ್ಲೇಂಟ್ ದಾಖಲಾಗತ್ತೆ. ಅದಕ್ಕೂ ಬಗ್ಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ ಇದೆ, ವಕೀಲರಿಲ್ಲದೆ ನೀವೇ ಹಾಕಬಹುದು. ರಸೀದಿ, ಯುಪಿಐ ಸ್ಕ್ರೀನ್‌ಶಾಟ್, 5 ಸೆಷನ್ ಆದ ದಿನಾಂಕ, ವಾಟ್ಸಾಪ್ ಚಾಟ್ ಎಲ್ಲಾ ಒಂದು ಫೋಲ್ಡರಲ್ಲಿ ಹಾಕಿಡಿ. ಕ್ಲಾಸಿಗೆ ಹೋಗೋದನ್ನ ಮಾತ್ರ ಈ ಸಿಟ್ಟಿಗೆ ನಿಲ್ಲಿಸಬೇಡಿ, ಅದಕ್ಕೂ ನೀವು ದುಡ್ಡು ಕಟ್ಟಿದೀರಿ.